ಕಟ್‌ಆಫ್ ಎಲ್ಲಿಡಬೇಕು? ಆರ್‌ಒಸಿ ಕರ್ವ್ ಹಿಡಿದು ರೋಗಪತ್ತೆ ಪರೀಕ್ಷೆಗೆ ಗೆರೆ ಎಳೆಯುವ ಕ್ರಮ

ರೋಗದ ಸುಳಿವು ಕೊಡುವ ರಕ್ತದ ಒಂದು ಅಳತೆ, ಅಂದರೆ ಮಾರ್ಕರ್, 22 ಬಂದಿದೆ. ಗೆರೆ (ಕಟ್‌ಆಫ್) 20ಕ್ಕೆ ಎಳೆದಿದ್ದರೆ ಇದು ಪಾಸಿಟಿವ್, 25ಕ್ಕೆ ಎಳೆದಿದ್ದರೆ ನೆಗೆಟಿವ್. ರೋಗಿ ಅದೇ, ರಕ್ತ ಅದೇ, ಬದಲಾದದ್ದು ಗೆರೆ ಮಾತ್ರ. ಎಲ್ಲಿ ಎಳೆಯಬೇಕು ಎಂದು ಸಾಫ್ಟ್‌ವೇರನ್ನು ಕೇಳಿದರೆ ದಶಮಾಂಶ ಸಮೇತ ಒಂದು ‘ಆಪ್ಟಿಮಲ್’ ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ. ಆದರೆ ಆ ಸಂಖ್ಯೆಯ ಹಿಂದೆ ಒಂದು ರೋಗವನ್ನು ಕೈಬಿಡುವುದಕ್ಕೂ ಒಬ್ಬ ಆರೋಗ್ಯವಂತನನ್ನು ಸುಮ್ಮನೆ ಹೆದರಿಸುವುದಕ್ಕೂ ನಡುವೆ ಯಾರೋ ಕಟ್ಟಿದ ಬೆಲೆ ಅಡಗಿರುತ್ತದೆ. ಆ ಬೆಲೆ ಎಷ್ಟೆಂದು ಸಾಫ್ಟ್‌ವೇರ್ ಹೇಳುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಿ ಹೊರತೆಗೆಯಬೇಕು.

ಆರ್‌ಒಸಿ ಎಂದರೆ ರಿಸೀವರ್ ಆಪರೇಟಿಂಗ್ ಕ್ಯಾರೆಕ್ಟರಿಸ್ಟಿಕ್. ಗೆರೆಯನ್ನು ಒಂದೊಂದೇ ಜಾಗಕ್ಕೆ ಸರಿಸಿದಾಗ ಎಷ್ಟು ರೋಗಿಗಳು ಸಿಗುತ್ತಾರೆ, ಎಷ್ಟು ಆರೋಗ್ಯವಂತರು ಸುಳ್ಳು ಪಾಸಿಟಿವ್ ಆಗುತ್ತಾರೆ ಎಂದು ತೋರಿಸುವ ಗ್ರಾಫ್ ಇದು. ಹೆಸರು ವಿಚಿತ್ರವಾಗಿರುವುದಕ್ಕೆ ಕಾರಣ ಇದರ ಬೇರು ರೇಡಾರ್‌ನಲ್ಲಿದೆ. ಪರದೆಯ ಮೇಲೆ ಮಿನುಗಿದ್ದು ವಿಮಾನವೋ ಬರೀ ಗದ್ದಲವೋ ಎಂದು ತೀರ್ಮಾನಿಸಬೇಕಾದವರ ಸಮಸ್ಯೆ ಅದು. ರೇಡಿಯಾಲಜಿಯ ದಾರಿ ಹಿಡಿದು ವೈದ್ಯಕೀಯಕ್ಕೆ ಬಂತು. ಹೆಸರನ್ನು ಅಷ್ಟಕ್ಕೇ ಬಿಟ್ಟು ಕೆಲಸಕ್ಕೆ ಬರೋಣ.

ಹಂತ 1: ಡೇಟಾ ತೆರೆಯುವ ಮೊದಲೇ, ಫಲಿತಾಂಶ ಬಂದ ಮೇಲೆ ಏನು ಮಾಡುತ್ತೀರಿ ಎಂದು ಬರೆದಿಡಿ

ಒಂದೇ ವಾಕ್ಯ ಸಾಕು: ‘ಪಾಸಿಟಿವ್ ಬಂದರೆ ಇದನ್ನು ಮಾಡುತ್ತೇವೆ, ನೆಗೆಟಿವ್ ಬಂದರೆ ಇದನ್ನು ಬಿಡುತ್ತೇವೆ.’ ನೆಗೆಟಿವ್ ಬಂದವರನ್ನು ಮನೆಗೆ ಕಳಿಸುವ ಪರೀಕ್ಷೆಗೆ ಸೆನ್ಸಿಟಿವಿಟಿ (ರೋಗವಿದ್ದವರಲ್ಲಿ ಪಾಸಿಟಿವ್ ಬಂದವರ ಪಾಲು) ಮುಖ್ಯ, ಏಕೆಂದರೆ ತಪ್ಪಿಸಿಕೊಂಡವನು ಮತ್ತೆ ಕೈಗೆ ಸಿಗದಿರಬಹುದು. ಪಾಸಿಟಿವ್ ಬಂದ ಕೂಡಲೇ ಶಸ್ತ್ರಚಿಕಿತ್ಸೆಗೋ ವಿಷಕಾರಿ ಔಷಧಕ್ಕೋ ದಾರಿ ಮಾಡುವ ಪರೀಕ್ಷೆಗೆ ಸ್ಪೆಸಿಫಿಸಿಟಿ (ರೋಗವಿಲ್ಲದವರಲ್ಲಿ ನೆಗೆಟಿವ್ ಬಂದವರ ಪಾಲು) ಮುಖ್ಯ.

ಒಂದೇ ಪರೀಕ್ಷೆಗೆ ಎರಡು ಕೆಲಸವಿದ್ದರೆ ಎರಡು ಗೆರೆ ಇರುವುದರಲ್ಲಿ ತಪ್ಪೇನಿಲ್ಲ. ಉಸಿರಾಟದ ತೊಂದರೆಯಿಂದ ತುರ್ತು ವಿಭಾಗಕ್ಕೆ ಬಂದವರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತದ ಮಾರ್ಕರ್) 300 ಪಿಕೊಗ್ರಾಂ/ಮಿ.ಲೀ.ಗಿಂತ ಕಡಿಮೆ ಇದ್ದರೆ ತೀವ್ರ ಹೃದಯ ವೈಫಲ್ಯವನ್ನು ಬದಿಗಿಡುತ್ತಾರೆ. ಹೌದು ಎನ್ನಲು ಮಾತ್ರ ಬೇರೆ ಗೆರೆಗಳಿವೆ, ಅವೂ ವಯಸ್ಸಿನ ಪ್ರಕಾರ: 50ರೊಳಗಿನವರಿಗೆ 450, 50ರಿಂದ 75ರವರಿಗೆ 900, ಅದಕ್ಕೂ ಮೇಲ್ಪಟ್ಟವರಿಗೆ 1800.

ಎಲ್ಲ ಕಟ್‌ಆಫ್‌ಗಳೂ ಆರ್‌ಒಸಿ ಕರ್ವ್‌ನಿಂದ ಹುಟ್ಟಿದವಲ್ಲ ಎಂಬುದೂ ಗೊತ್ತಿರಲಿ. ಹೃದಯಾಘಾತಕ್ಕೆ ಬಳಸುವ ಟ್ರೋಪೋನಿನ್‌ನ ಗೆರೆ ಆರೋಗ್ಯವಂತರ ಗುಂಪಿನ 99ನೇ ಪರ್ಸೆಂಟೈಲ್, ಅಂದರೆ ಅವರಲ್ಲಿ 99% ಜನ ಅದರೊಳಗೇ ಇರುವ ಮಟ್ಟ. ಮಧುಮೇಹಕ್ಕೆ ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) 6.5% ಎಂಬ ಗೆರೆಯನ್ನು ಬೆಂಬಲಿಸಿದ್ದು ರೆಟಿನೋಪತಿ, ಅಂದರೆ ಕಣ್ಣಿನ ಅಕ್ಷಿಪಟಲದ ಹಾನಿ, ಹೆಚ್ಚತೊಡಗುವ ಮಟ್ಟ. ನಿಮ್ಮ ಪ್ರಶ್ನೆಗೆ ಇಂಥ ಗೆರೆ ಆಗಲೇ ಇದ್ದರೆ 80 ಜನರ ಡೇಟಾ ಹಿಡಿದು ಹೊಸದೊಂದನ್ನು ಹುಡುಕಬೇಡಿ. ಇರುವ ಗೆರೆ ನಿಮ್ಮಲ್ಲಿ ಹೇಗೆ ನಡೆಯುತ್ತದೆ ಎಂದು ನೋಡುವುದೇ ಹೆಚ್ಚು ಉಪಯೋಗದ ಕೆಲಸ.

ಹಂತ 2: ಯಾರನ್ನು ಸೇರಿಸಿದ್ದೀರಿ ಎಂಬುದನ್ನು ಸರಿಮಾಡಿಕೊಳ್ಳಿ

ಕರ್ವ್ ಕೆಡುವುದು ಕಂಪ್ಯೂಟರಿನಲ್ಲಿ ಅಲ್ಲ, ಬಹುತೇಕ ಇಲ್ಲೇ. ರೋಗ ಉಲ್ಬಣಿಸಿದ ಒಳರೋಗಿಗಳನ್ನು ಒಂದು ಕಡೆ, ರಕ್ತದಾನಕ್ಕೆ ಬಂದ ಗಟ್ಟಿಮುಟ್ಟಾದ ಯುವಕರನ್ನು ಇನ್ನೊಂದು ಕಡೆ ನಿಲ್ಲಿಸಿದರೆ ಯಾವ ಮಾರ್ಕರ್ ಆದರೂ ಚೆನ್ನಾಗಿ ಕಾಣುತ್ತದೆ. ಪರೀಕ್ಷೆಯನ್ನು ನಿಜವಾಗಿ ಬಳಸುವುದು ಅನುಮಾನದ ರೋಗಿಗಳ ಮೇಲೆ. ಆ ಲಕ್ಷಣದೊಂದಿಗೆ ಬಂದವರನ್ನೆಲ್ಲ ಸಾಲಾಗಿ, ಯಾರನ್ನೂ ಆರಿಸದೆ ಸೇರಿಸಿಕೊಳ್ಳಿ.

ರೋಗ ಇದೆಯೋ ಇಲ್ಲವೋ ಎಂದು ಹೇಳುವ ಗೋಲ್ಡ್ ಸ್ಟ್ಯಾಂಡರ್ಡ್ ಎಲ್ಲರಿಗೂ ಒಂದೇ ಇರಬೇಕು. ಮಾರ್ಕರ್ ಹೆಚ್ಚಿದ್ದವರಿಗೆ ಮಾತ್ರ ಬಯಾಪ್ಸಿ ಮಾಡಿ, ಉಳಿದವರನ್ನು ಲೆಕ್ಕದಿಂದ ಬಿಟ್ಟರೆ ಸೆನ್ಸಿಟಿವಿಟಿ ನಿಜಕ್ಕಿಂತ ಮೇಲೇರುತ್ತದೆ, ಸ್ಪೆಸಿಫಿಸಿಟಿ ಕುಸಿಯುತ್ತದೆ. ಇನ್ನು, ಅಂತಿಮ ರೋಗನಿರ್ಣಯ ಬರೆಯುವ ವೈದ್ಯರ ಮುಂದೆಯೇ ಮಾರ್ಕರ್ ರಿಪೋರ್ಟ್ ಇದ್ದರೆ ಪರೀಕ್ಷೆ ತನಗೆ ತಾನೇ ಅಂಕ ಕೊಟ್ಟುಕೊಂಡಂತೆ.

ಎಷ್ಟು ಜನ ಬೇಕು? ಮುಖ್ಯವಾದದ್ದು ರೋಗವಿದ್ದವರ ಸಂಖ್ಯೆ. ಸೆನ್ಸಿಟಿವಿಟಿ ಸುಮಾರು 90% ಇರಬಹುದು, ಅದನ್ನು ಆಚೀಚೆ 5 ಅಂಶದೊಳಗೆ ತಿಳಿಯಬೇಕು ಎಂದಾದರೆ ಲೆಕ್ಕ ಹೀಗೆ: 1.96ರ ವರ್ಗ × 0.9 × 0.1 ÷ 0.05ರ ವರ್ಗ, ಅಂದರೆ ರೋಗವಿದ್ದ 139 ಜನ. ಬರುವವರಲ್ಲಿ 10% ಜನರಿಗೆ ಮಾತ್ರ ಆ ರೋಗವಿದ್ದರೆ ಒಟ್ಟು 1390 ಜನರನ್ನು ನೋಡಬೇಕಾಗುತ್ತದೆ. ಆಚೀಚೆ 3 ಅಂಶ ಎಂದರೆ 139 ಇದ್ದದ್ದು 385ಕ್ಕೆ ಏರುತ್ತದೆ.

ಹಂತ 3: ಫೈಲ್ ಅಚ್ಚುಕಟ್ಟು ಮಾಡಿ

ಒಬ್ಬ ರೋಗಿಗೆ ಒಂದು ಸಾಲು. ಒಂದು ಕಾಲಂನಲ್ಲಿ ರೋಗ 1 ಅಥವಾ 0, ಇನ್ನೊಂದರಲ್ಲಿ ಮಾರ್ಕರ್‌ನ ಮೂಲ ಸಂಖ್ಯೆ. ‘ಹೆಚ್ಚು/ಕಡಿಮೆ’ ಎಂದು ಆಗಲೇ ಎರಡಾಗಿ ಒಡೆದ ಕಾಲಂ ಕೊಟ್ಟರೆ ಸಾಫ್ಟ್‌ವೇರ್ ಮುನಿಸಿಕೊಳ್ಳುವುದಿಲ್ಲ, ಒಂದೇ ಮೂಲೆಯಿರುವ ಮೊಂಡು ಗೆರೆಯೊಂದನ್ನು ಎಳೆದು ಅದರ ಕೆಳಗಿನ ಏರಿಯಾವನ್ನೂ (ಅರ್ಥ ಹಂತ 4ರಲ್ಲಿದೆ) ಕೊಡುತ್ತದೆ. ಇಂಥ ಎರಡೇ ತುಂಡಿನ ‘ಕರ್ವ್’ ಪ್ರಕಟಿತ ಲೇಖನಗಳಲ್ಲೂ ಕಣ್ಣಿಗೆ ಬೀಳುತ್ತಿರುತ್ತದೆ.

‘5ಕ್ಕಿಂತ ಕಡಿಮೆ’ ಎಂದು ಯಂತ್ರ ಬರೆದ ಫಲಿತಾಂಶಗಳನ್ನು ಖಾಲಿ ಬಿಡಬೇಡಿ. ಆ ಮಿತಿಗಿಂತ ಕೆಳಗಿನ ಯಾವುದಾದರೂ ಒಂದೇ ಸಂಖ್ಯೆ ಕೊಡಿ. ಆರ್‌ಒಸಿ ನೋಡುವುದು ಕ್ರಮವನ್ನೇ ಹೊರತು ಅಂತರವನ್ನಲ್ಲ. ಅದೇ ಕಾರಣಕ್ಕೆ ಮಾರ್ಕರ್‌ನ ಲಾಗ್ ತೆಗೆದರೂ ಕರ್ವ್ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ನಂತರ ದಿಕ್ಕು. ಹೆಚ್ಚಿದ್ದರೆ ರೋಗವೋ, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್‌ನಂತೆ ಕಡಿಮೆ ಇದ್ದರೆ ಕಬ್ಬಿಣದ ಕೊರತೆಯೋ ಎಂಬುದನ್ನು ನೀವೇ ಹೇಳಬೇಕು. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಭಾಷೆಯ ಪಿಆರ್‌ಒಸಿ ಪ್ಯಾಕೇಜ್ ತಾನಾಗಿ ಬಿಟ್ಟರೆ ಎರಡು ಗುಂಪುಗಳ ಮೀಡಿಯನ್ (ಸಾಲಿನ ನಡುವಿನ ಮೌಲ್ಯ) ನೋಡಿ ದಿಕ್ಕನ್ನು ಊಹಿಸಿಕೊಳ್ಳುತ್ತದೆ. ಕೆಲಸಕ್ಕೆ ಬಾರದ ಮಾರ್ಕರ್‌ನ ಏರಿಯಾ ಕೂಡ ಇದರಿಂದ 0.5ಕ್ಕಿಂತ, ಅಂದರೆ ನಾಣ್ಯ ಚಿಮ್ಮಿದ್ದಕ್ಕಿಂತ, ಸ್ವಲ್ಪ ಮೇಲೆ ಕಾಣುತ್ತದೆ. ಎಸ್‌ಪಿಎಸ್‌ಎಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕೊಡುವ ಕಟ್‌ಆಫ್‌ಗಳು ಪಕ್ಕಪಕ್ಕದ ಎರಡು ಅಳತೆಗಳ ಸರಾಸರಿ. ಹಾಗಾಗಿ ನಿಮ್ಮ ಡೇಟಾದಲ್ಲಿ ಎಲ್ಲೂ ಇಲ್ಲದ 19.35 ಅಲ್ಲಿ ಕಂಡರೆ ಗಾಬರಿ ಬೇಡ. ‘20 ಅಥವಾ ಹೆಚ್ಚು’ ಎಂದೋ ‘20ಕ್ಕಿಂತ ಹೆಚ್ಚು’ ಎಂದೋ ಮಾತ್ರ ಖಚಿತವಾಗಿ ಬರೆಯಿರಿ. ಪೂರ್ಣಾಂಕಗಳಲ್ಲಿ ಬರುವ ಸ್ಕೋರ್‌ಗಳಲ್ಲಿ ಈ ಒಂದು ಪದದಿಂದ ಎಷ್ಟೋ ರೋಗಿಗಳು ಅತ್ತಿಂದಿತ್ತ ಆಗುತ್ತಾರೆ.

ಹಂತ 4: ಕರ್ವ್ ಎಳೆಯಿರಿ, ಆದರೆ ಓದುವುದು ಟೇಬಲ್ ಅನ್ನು

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಡೇಟಾ ಇಟ್ಟುಕೊಳ್ಳೋಣ. ರೋಗವಿದ್ದವರು 100, ಇಲ್ಲದವರು 200. ಮಾರ್ಕರ್ ಹೆಚ್ಚಿದಷ್ಟೂ ರೋಗದ ಸಾಧ್ಯತೆ ಹೆಚ್ಚು.

| ಕಟ್‌ಆಫ್ (ಇಷ್ಟು ಅಥವಾ ಹೆಚ್ಚು) | ರೋಗವಿದ್ದ 100ರಲ್ಲಿ ಪಾಸಿಟಿವ್ | ರೋಗವಿಲ್ಲದ 200ರಲ್ಲಿ ಪಾಸಿಟಿವ್ | ಸ್ಪೆಸಿಫಿಸಿಟಿ | ಯೂಡನ್ ಸೂಚ್ಯಂಕ |
|---|---|---|---|---|
| 10 | 98 | 90 | 55% | 0.53 |
| 15 | 94 | 60 | 70% | 0.64 |
| 20 | 87 | 36 | 82% | 0.69 |
| 25 | 78 | 20 | 90% | 0.68 |
| 30 | 64 | 10 | 95% | 0.59 |
| 40 | 40 | 2 | 99% | 0.39 |

ಎರಡನೇ ಕಾಲಂ ನೇರವಾಗಿ ಸೆನ್ಸಿಟಿವಿಟಿಯ ಶೇಕಡಾವಾರು. ಕೊನೆಯ ಕಾಲಂ ಏನೆಂದು ಹಂತ 5ರಲ್ಲಿ ನೋಡೋಣ. ಗ್ರಾಫ್‌ನಲ್ಲಿ ಅಡ್ಡಕ್ಕೆ ಸುಳ್ಳು ಪಾಸಿಟಿವ್‌ಗಳ ಪ್ರಮಾಣ (1ರಿಂದ ಸ್ಪೆಸಿಫಿಸಿಟಿ ಕಳೆದದ್ದು), ಲಂಬಕ್ಕೆ ಸೆನ್ಸಿಟಿವಿಟಿ. ಈ ಆರು ಬಿಂದುಗಳನ್ನು ಎರಡು ತುದಿಗಳೊಂದಿಗೆ ಸೇರಿಸಿ ಗೆರೆಯ ಕೆಳಗಿನ ಏರಿಯಾ ಲೆಕ್ಕ ಹಾಕಿದರೆ ಸುಮಾರು 0.92 ಬರುತ್ತದೆ. ಒಬ್ಬ ರೋಗಿಯನ್ನೂ ರೋಗವಿಲ್ಲದ ಒಬ್ಬನನ್ನೂ ಕಣ್ಣುಮುಚ್ಚಿ ಆರಿಸಿದರೆ ರೋಗಿಯ ಮಾರ್ಕರ್ ಹೆಚ್ಚಿರುವ ಸಾಧ್ಯತೆ 92% ಎಂದು ಇದರ ಅರ್ಥ, ಅಷ್ಟೇ. ಪರೀಕ್ಷೆ ‘92% ನಿಖರ’ ಎಂದಲ್ಲ. ಯಾವ ಕಟ್‌ಆಫ್ ಒಳ್ಳೆಯದು ಎಂಬ ಪ್ರಶ್ನೆಗೂ ಏರಿಯಾದಲ್ಲಿ ಉತ್ತರವಿಲ್ಲ, ಏಕೆಂದರೆ ಯಾರೂ ಎಂದೂ ಬಳಸದ ಕಟ್‌ಆಫ್‌ಗಳನ್ನೂ ಅದು ಒಟ್ಟಿಗೆ ಸೇರಿಸಿಕೊಂಡಿರುತ್ತದೆ.

ಎರಡು ಪರೀಕ್ಷೆಗಳನ್ನು ಹೋಲಿಸುವಾಗಲೂ ಇದು ನೆನಪಿರಲಿ. ಅದೇ ರೋಗಿಗಳ ಮೇಲೆ ಎರಡನ್ನೂ ಮಾಡಿದ್ದರೆ ಡಿಲಾಂಗ್ ಎಂಬ ಸಂಖ್ಯಾಶಾಸ್ತ್ರದ ವಿಧಾನದಿಂದ ಏರಿಯಾಗಳ ವ್ಯತ್ಯಾಸ ನೋಡಬಹುದು. ಆದರೆ ಕರ್ವ್‌ಗಳು ಒಂದನ್ನೊಂದು ದಾಟಿದ್ದರೆ ನಿಮಗೆ ಬೇಕಾದ ಭಾಗದಲ್ಲಿ ಯಾವುದು ಮೇಲಿದೆ ಎಂಬುದಕ್ಕೇ ಬೆಲೆ.

ಹಂತ 5: ಯೂಡನ್ ಹೇಳಿದ್ದಕ್ಕೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಿ

ಸಂಖ್ಯಾಶಾಸ್ತ್ರಜ್ಞ ಯೂಡನ್ 1950ರಲ್ಲಿ ಕೊಟ್ಟ ಸೂಚ್ಯಂಕ ಬಲು ಸರಳ: ಸೆನ್ಸಿಟಿವಿಟಿ + ಸ್ಪೆಸಿಫಿಸಿಟಿ − 1. ಎಲ್ಲಿ ಅತಿ ಹೆಚ್ಚೋ ಅಲ್ಲಿ ಕಟ್‌ಆಫ್. ನಮ್ಮ ಟೇಬಲ್‌ನಲ್ಲಿ ಅದು 20. ಎಡ ಮೇಲ್ತುದಿಯ ಮೂಲೆಗೆ ಅತಿ ಹತ್ತಿರದ ಬಿಂದುವನ್ನು ಹುಡುಕುವ ಇನ್ನೊಂದು ವಿಧಾನವೂ ಇಲ್ಲಿ 20ನ್ನೇ ಕೊಡುತ್ತದೆ. ಯಾವಾಗಲೂ ಎರಡೂ ಒಂದಾಗುವುದಿಲ್ಲ. ಮೂಲೆಯ ದೂರಕ್ಕೆ ಜ್ಯಾಮಿತಿಯ ಚಂದ ಬಿಟ್ಟರೆ ವೈದ್ಯಕೀಯದ ಅರ್ಥವೇನೂ ಇಲ್ಲ. ಎರಡರಲ್ಲಿ ಒಂದು ಆರಿಸಲೇಬೇಕೆಂದರೆ ಯೂಡನ್ ಸಾಕು.

ಈಗ ಕಟ್‌ಆಫ್ ಅನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಕೊಡುಕೊಳ್ಳುವಿಕೆಯನ್ನು ನೋಡಿ. 25ರಿಂದ 20ಕ್ಕೆ ಇಳಿದರೆ ಹೊಸದಾಗಿ 9 ರೋಗಿಗಳು ಸಿಗುತ್ತಾರೆ, ಜೊತೆಗೆ 16 ಸುಳ್ಳು ಪಾಸಿಟಿವ್. ಅಂದರೆ ಹೆಚ್ಚುವರಿ ಒಬ್ಬ ರೋಗಿಗೆ 1.8 ಸುಳ್ಳು. 20ರಿಂದ 15ಕ್ಕೆ 3.4, 15ರಿಂದ 10ಕ್ಕೆ 7.5. ರೋಗಿಗಳೇ ಮೂರನೇ ಒಂದು ಭಾಗ ಇರುವ ಆಸ್ಪತ್ರೆಯ ದರ ಇದು. ರೋಗ ಕೈತಪ್ಪಿದರೆ ಆಗುವ ಹಾನಿ ಹತ್ತು ಅನಗತ್ಯ ಸ್ಕ್ಯಾನ್‌ಗಳಿಗೆ ಸಮ ಎಂದು ನೀವು ಭಾವಿಸಿದರೆ ಮೂರೂ ಮೆಟ್ಟಿಲು ಇಳಿಯುವುದು ಲಾಭವೇ. ಕಟ್‌ಆಫ್ 10ಕ್ಕೆ ಬಂದು ನಿಲ್ಲುತ್ತದೆ, ಯೂಡನ್ ಹೇಳಿದ 20ಕ್ಕಲ್ಲ.

ಅದೇ ಪರೀಕ್ಷೆಯನ್ನು 5% ಜನರಿಗೆ ಮಾತ್ರ ರೋಗವಿರುವ ತಪಾಸಣಾ ಶಿಬಿರಕ್ಕೆ ಒಯ್ಯಿರಿ. 10,000 ಜನರಲ್ಲಿ 500 ರೋಗಿಗಳು, 9,500 ಇತರರು. 30ರಿಂದ 25ಕ್ಕೆ ಇಳಿದರೆ 70 ರೋಗಿಗಳು ಹೆಚ್ಚಾಗಿ ಸಿಗುತ್ತಾರೆ, 475 ಸುಳ್ಳುಗಳೊಂದಿಗೆ. ದರ 6.8. ಹತ್ತಕ್ಕಿಂತ ಕಡಿಮೆ, ಒಪ್ಪಬಹುದು. 25ರಿಂದ 20ಕ್ಕೆ 45 ರೋಗಿಗಳು, 760 ಸುಳ್ಳು. ದರ 16.9. ನಿಮ್ಮ ಹತ್ತರ ಬೆಲೆಗೆ ಇದು ದುಬಾರಿ. ಆದ್ದರಿಂದ ಇಲ್ಲಿ ಕಟ್‌ಆಫ್ 25. ಪರೀಕ್ಷೆ ಒಂದೇ, ಕರ್ವ್ ಒಂದೇ, ಬೆಲೆಯೂ ಹತ್ತೇ. ಜನ ಬದಲಾದದ್ದಕ್ಕೆ ಗೆರೆ 10ರಿಂದ 25ಕ್ಕೆ ಹೋಯಿತು.

ಹಾಗಾದರೆ ಯೂಡನ್ ಒಳಗೊಳಗೇ ಯಾವ ಬೆಲೆ ಇಟ್ಟುಕೊಂಡಿತ್ತು? ರೋಗವಿಲ್ಲದವರ ಸಂಖ್ಯೆಯನ್ನು ರೋಗವಿದ್ದವರ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಆಸ್ಪತ್ರೆಯಲ್ಲಿ 2, ಶಿಬಿರದಲ್ಲಿ 19. ಒಬ್ಬ ರೋಗಿ ತಪ್ಪಿಹೋದದ್ದು ಒಂದು ಕಡೆ ಇಬ್ಬರ ಅನಗತ್ಯ ತೊಂದರೆಗೆ ಸಮ, ಇನ್ನೊಂದು ಕಡೆ ಹತ್ತೊಂಬತ್ತು ಜನರ ತೊಂದರೆಗೆ ಸಮ! ಯೂಡನ್ ಬಳಸಿದವರು ಬೆಲೆ ಕಟ್ಟಿಲ್ಲ ಎಂದು ಹೇಳಿಕೊಂಡರೂ ಕಟ್ಟಿದ್ದಾರೆ, ಎಷ್ಟು ಎಂದು ನೋಡಿಕೊಂಡಿಲ್ಲ ಅಷ್ಟೇ.

ಬೆಲೆ ಕಟ್ಟುವುದು ಸುಲಭವಲ್ಲ, ನಿಜ. ಒಂದೇ ಸಂಖ್ಯೆ ಹೇಳಲು ಹಿಂಜರಿಕೆಯಿದ್ದರೆ 5, 10, 20 ಮೂರಕ್ಕೂ ಲೆಕ್ಕ ಹಾಕಿ ತೋರಿಸಿ. ಸಂಶೋಧಕರಾದ ವಿಕರ್ಸ್ ಮತ್ತು ಎಲ್ಕಿನ್ 2006ರಲ್ಲಿ ಮುಂದಿಟ್ಟ ಡಿಸಿಷನ್ ಕರ್ವ್ ಮಾಡುವುದೂ ಇದೇ ಕೆಲಸವನ್ನು, ಬೆಲೆಗಳ ಒಂದು ಇಡೀ ಪಟ್ಟಿಗೆ.

ಹಂತ 6: ರೋಗಿಗೆ ಹೇಳುವ ಸಂಖ್ಯೆಯನ್ನು ಬೇರೆಯಾಗಿ ಲೆಕ್ಕ ಹಾಕಿ

ಪಾಸಿಟಿವ್ ಬಂದವನು ಕೇಳುವುದು ‘ನನಗೆ ರೋಗ ಇದೆಯಾ?’ ಎಂದು. ಕಟ್‌ಆಫ್ 20 ಇಟ್ಟಾಗ ನಮ್ಮ 300 ಜನರಲ್ಲಿ ಪಾಸಿಟಿವ್ ಆದವರು 123, ಅವರಲ್ಲಿ ರೋಗವಿದ್ದವರು 87, ಅಂದರೆ 71%. ಶಿಬಿರದಲ್ಲಿ ಅದೇ 20ಕ್ಕೆ 2,145 ಪಾಸಿಟಿವ್, ನಿಜವಾದ ರೋಗಿಗಳು 435, ಬರೀ 20%. ಅಧ್ಯಯನಕ್ಕೆಂದು ರೋಗವಿದ್ದ 50, ಇಲ್ಲದ 50 ಎಂದು ಆರಿಸಿಕೊಂಡವರು ಪಾಸಿಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ (ಪಾಸಿಟಿವ್ ಬಂದವರಲ್ಲಿ ನಿಜವಾಗಿ ರೋಗವಿದ್ದವರ ಪಾಲು) ಬರೆದಿದ್ದರೆ ಅದನ್ನು ಓದದೇ ಮುಂದೆ ಹೋಗಿ. ಆ 50% ಅವರೇ ಮಾಡಿದ್ದು, ಜಗತ್ತಿನದ್ದಲ್ಲ.

ಮೊದಲಲ್ಲಿ ಹೇಳಿದ 22ಕ್ಕೆ ಈಗ ಬರೋಣ. 20 ಕಟ್‌ಆಫ್ ಆದರೆ ಅದು ಪಾಸಿಟಿವ್. ಹಾಗೆಂದು ಆ ರೋಗಿಗೆ 71% ಎನ್ನಬಹುದೇ? 20ರಿಂದ 25ರೊಳಗೆ ಬಂದವರನ್ನಷ್ಟೇ ಎಣಿಸಿ: ರೋಗವಿದ್ದವರು 87−78 = 9, ಇಲ್ಲದವರು 36−20 = 16. ಒಟ್ಟು 25 ಜನರಲ್ಲಿ 9, ಅಂದರೆ 36%. ಪರೀಕ್ಷೆ ಮಾಡುವ ಮೊದಲೇ 33% ಇತ್ತು! 22 ಎಂಬ ಫಲಿತಾಂಶ ಹೆಚ್ಚುಕಡಿಮೆ ಏನನ್ನೂ ಹೇಳಲಿಲ್ಲ. 40 ದಾಟಿದವರಲ್ಲಾದರೆ 42ಕ್ಕೆ 40 ಜನ ರೋಗಿಗಳು, 95%. ಇಬ್ಬರಿಗೂ ರಿಪೋರ್ಟ್‌ನಲ್ಲಿ ಒಂದೇ ಪದ, ‘ಪಾಸಿಟಿವ್’. ಸಂಖ್ಯೆಯನ್ನು ಎರಡಾಗಿ ಒಡೆಯುವುದರಿಂದ ಆಗುವ ನಷ್ಟ ಇದು. ಸಾಧ್ಯವಾದಲ್ಲೆಲ್ಲ ರಿಪೋರ್ಟ್‌ನಲ್ಲಿ ಮೂಲ ಸಂಖ್ಯೆಯನ್ನೂ ಕೊಡಿ, ವ್ಯಾಪ್ತಿವಾರು ಲೈಕ್ಲಿಹುಡ್ ರೇಶಿಯೋ (ಆ ವ್ಯಾಪ್ತಿಯ ಫಲಿತಾಂಶ ರೋಗವಿಲ್ಲದವರಿಗಿಂತ ರೋಗವಿದ್ದವರಲ್ಲಿ ಎಷ್ಟು ಪಟ್ಟು ಸಾಮಾನ್ಯ ಎಂಬುದು) ಕೂಡ ಕೊಟ್ಟರೆ ಇನ್ನೂ ಒಳ್ಳೆಯದು.

ಎರಡು ಗೆರೆ ಹಾಕಿ ನಡುವಿನದ್ದನ್ನು ಬೂದು ವಲಯ ಎನ್ನುವುದು ಪ್ರಾಮಾಣಿಕ ದಾರಿ, ಪುಕ್ಕಟೆ ಮಾತ್ರ ಅಲ್ಲ. 10ಕ್ಕಿಂತ ಕೆಳಗೆ ‘ಇಲ್ಲ’, 40 ಮತ್ತು ಮೇಲೆ ‘ಹೌದು’ ಎಂದರೆ ನಡುವೆ 58 ರೋಗಿಗಳು, 88 ಇತರರು ಉಳಿಯುತ್ತಾರೆ. 300ರಲ್ಲಿ 146, ಹತ್ತಿರ ಹತ್ತಿರ ಅರ್ಧ. ಗೆರೆಗಳನ್ನು 15 ಮತ್ತು 30ಕ್ಕೆ ತಂದರೆ ನಡುವೆ 80 ಜನ, 27%. ಆದರೆ ‘ಇಲ್ಲ’ ಎಂದು ಕಳಿಸಿದವರಲ್ಲಿ ತಪ್ಪಿಹೋಗುವ ರೋಗಿಗಳು 2ರಿಂದ 6ಕ್ಕೆ ಏರುತ್ತಾರೆ. ಬೂದು ವಲಯದವರಿಗೆ ಮುಂದಿನ ಪರೀಕ್ಷೆ ಯಾವುದು ಎಂದು ಗೊತ್ತಿಲ್ಲದಿದ್ದರೆ ಈ ವ್ಯವಸ್ಥೆ ತರಬೇಡಿ.

ಹಂತ 7: ಸಿಕ್ಕ ಕಟ್‌ಆಫ್ ಅನ್ನು ಅಲುಗಾಡಿಸಿ ನೋಡಿ

ಯೂಡನ್ ಸೂಚ್ಯಂಕ 20ಕ್ಕೆ 0.69, 25ಕ್ಕೆ 0.68. ಒಬ್ಬಿಬ್ಬರು ಅತ್ತಿತ್ತ ಆದರೂ ಈ ಅಂತರ ಅಳಿಸಿಹೋಗುತ್ತದೆ. 20ರಲ್ಲಿ ಸೆನ್ಸಿಟಿವಿಟಿ 87% ಎಂದೆವು, ಅದರ 95% ವಿಶ್ವಾಸ ವ್ಯಾಪ್ತಿ (ಇಷ್ಟೇ ಜನರ ಡೇಟಾದಿಂದ ನಿಜ ಮೌಲ್ಯ ಇರಬಹುದು ಎನ್ನಬಹುದಾದ ಹರವು) 79ರಿಂದ 92. ಸ್ಪೆಸಿಫಿಸಿಟಿ 82%ಗೆ 76ರಿಂದ 87. ಇದನ್ನು ಬರೆಯದೆ 87 ಎಂದಷ್ಟೇ ಬರೆಯುವುದು ಅರ್ಧ ಸತ್ಯ.

ಇನ್ನೊಂದು ತೊಂದರೆ ಇದಕ್ಕಿಂತ ಕಣ್ಣಿಗೆ ಕಾಣದ್ದು. ಕಟ್‌ಆಫ್ ಆರಿಸಿದ ಡೇಟಾದಲ್ಲೇ ಅದರ ಸೆನ್ಸಿಟಿವಿಟಿ ಅಳೆದರೆ ಉತ್ತರ ಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದಂತೆ. ನೂರಾರು ಗೆರೆಗಳಲ್ಲಿ ಆ ಡೇಟಾದ ಅದೃಷ್ಟಕ್ಕೆ ಒಗ್ಗಿದ್ದನ್ನೇ ಹೆಕ್ಕಿರುತ್ತೀರಿ. ಸಣ್ಣ ಅಧ್ಯಯನಗಳಲ್ಲಿ ಈ ಉಬ್ಬರ ಹೆಚ್ಚು. ಮದ್ದು ಬೂಟ್‌ಸ್ಟ್ರ್ಯಾಪ್. ರೋಗವಿದ್ದವರ, ಇಲ್ಲದವರ ಗುಂಪುಗಳಿಂದ ಬೇರೆಬೇರೆಯಾಗಿ, ತೆಗೆದದ್ದನ್ನು ಮತ್ತೆ ಒಳಗೇ ಹಾಕುತ್ತ, ಅಷ್ಟೇ ಗಾತ್ರದ ಸ್ಯಾಂಪಲ್ ಎತ್ತಿ. ಕಟ್‌ಆಫ್ ಅನ್ನು ಹೊಸದಾಗಿ ಆರಿಸಿ. ಆ ಸುತ್ತಿನಲ್ಲಿ ಹೊರಗುಳಿದವರ ಮೇಲೆ ಅದನ್ನು ಪರೀಕ್ಷಿಸಿ. 1000 ಸಲ ಮಾಡಿ. ಎರಡು ವಿಷಯ ಸಿಗುತ್ತವೆ: ಉಬ್ಬರ ಇಳಿದ ಸೆನ್ಸಿಟಿವಿಟಿ, ಮತ್ತು ಕಟ್‌ಆಫ್ ಎಷ್ಟು ಓಲಾಡುತ್ತದೆ ಎಂಬುದು. ಆರ್‌ನ ಕಟ್‌ಪಾಯಿಂಟರ್ ಪ್ಯಾಕೇಜ್‌ನಲ್ಲಿ ಇದಕ್ಕೆ ಸಿದ್ಧ ವ್ಯವಸ್ಥೆಯಿದೆ. ಪ್ರತಿ ಸುತ್ತಿನಲ್ಲೂ ದಿಕ್ಕನ್ನು ಗಟ್ಟಿಯಾಗಿ ಹೇಳಿರಬೇಕು, ಇಲ್ಲವಾದರೆ ಹಂತ 3ರ ತಪ್ಪು ಸಾವಿರ ಸಲ ಆಗುತ್ತದೆ. ಕಟ್‌ಆಫ್ 14ರಿಂದ 27ರವರೆಗೆ ಜೋಲಿ ಹೊಡೆಯುತ್ತಿದ್ದರೆ ಅದನ್ನು 19.37 ಎಂದು ಬರೆಯುವುದು ಯಾವ ಸೀಮೆಯ ನಿಖರತೆ? ವೈದ್ಯರು ನೆನಪಿಡಬಲ್ಲ ದುಂಡು ಸಂಖ್ಯೆಗೆ ತನ್ನಿ.

ಬೂಟ್‌ಸ್ಟ್ರ್ಯಾಪ್ ಆದ ಮೇಲೂ ಬೇರೆ ಜಾಗದ, ಬೇರೆ ಕಾಲದ ರೋಗಿಗಳ ಮೇಲೆ ಅದೇ ಕಟ್‌ಆಫ್ ಅನ್ನು ಮುಟ್ಟದೆ ಪರೀಕ್ಷಿಸಬೇಕು. ಅಲ್ಲಿ ಇನ್ನೊಂದು ‘ಆಪ್ಟಿಮಲ್’ ಹುಡುಕಿದರೆ ಅದು ದೃಢೀಕರಣವಲ್ಲ, ಹೊಸ ಹುಡುಕಾಟ.

ಬೇರೆಯವರ ಕಟ್‌ಆಫ್ ಕೈಗೆ ಬಂದಾಗ

ಮೊದಲು ನೋಡಬೇಕಾದದ್ದು ಅದು ಮುಂಚಿತವಾಗಿ ನಿಗದಿಯಾದದ್ದೋ, ಡೇಟಾ ನೋಡಿದ ಮೇಲೆ ಆರಿಸಿದ್ದೋ ಎಂದು. ರೋಗಪತ್ತೆ ಪರೀಕ್ಷೆಗಳ ಅಧ್ಯಯನವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ 2015ರ ಸ್ಟಾರ್ಡ್ ಮಾರ್ಗಸೂಚಿ ಲೇಖಕರಿಂದ ಇದನ್ನು ಸ್ಪಷ್ಟವಾಗಿ ಕೇಳುತ್ತದೆ. ಉತ್ತರ ಸಿಗದಿದ್ದರೆ ಡೇಟಾ ನೋಡಿ ಆರಿಸಿದ್ದು ಎಂದೇ ಇಟ್ಟುಕೊಳ್ಳಿ. ಆಮೇಲೆ ಪ್ರತಿ ಗುಂಪಿನಲ್ಲಿ ಎಷ್ಟು ಜನ, ಹೋಲಿಕೆಗೆ ನಿಂತವರು ಯಾರು, ಅಸ್ಪಷ್ಟ ಫಲಿತಾಂಶಗಳು ಎಲ್ಲಿ ಹೋದವು. ಏರಿಯಾದ ಸಂಖ್ಯೆಯನ್ನು ಕೊನೆಗೆ ನೋಡಿದರೂ ನಡೆಯುತ್ತದೆ.

ನಂತರ ಯಂತ್ರ ಮತ್ತು ಯೂನಿಟ್. ರಕ್ತ ಹೆಪ್ಪುಗಟ್ಟಿದೆಯೇ ಎಂಬ ಸುಳಿವಿಗೆ ನೋಡುವ ಡಿ-ಡೈಮರ್‌ನ ಪ್ರಸಿದ್ಧ 500 ನ್ಯಾನೋಗ್ರಾಂ/ಮಿ.ಲೀ. ಗೆರೆ ಎಫ್‌ಇಯು (ಫೈಬ್ರಿನೋಜನ್‌ಗೆ ಸಮನಾಗಿ ಲೆಕ್ಕ ಹಾಕುವ) ಯೂನಿಟ್‌ನದ್ದು. ಡಿಡಿಯು (ಡಿ-ಡೈಮರ್ ಅನ್ನೇ ಲೆಕ್ಕ ಹಾಕುವ) ಯೂನಿಟ್‌ನಲ್ಲಿ ವರದಿ ಮಾಡುವ ಲ್ಯಾಬ್‌ನಲ್ಲಿ ಅದು ಸುಮಾರು 250ಕ್ಕೆ ಸಮ. ಅಲ್ಲಿ 500 ಎಂದೇ ಹಿಡಿದರೆ ರಕ್ತ ಹೆಪ್ಪುಗಟ್ಟಿದವರನ್ನು ‘ನಾರ್ಮಲ್’ ಎಂದು ಮನೆಗೆ ಕಳಿಸಿದಂತಾಗುತ್ತದೆ. 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಗೆರೆ ಎಳೆಯುವ ಪದ್ಧತಿಯೂ ಎಫ್‌ಇಯುಗೇ ಹೊಂದುವಂಥದ್ದು.

ಅಳತೆಯ ಅಲುಗಾಟವನ್ನೂ ಗೆರೆಯ ಹತ್ತಿರ ನೋಡಿ. 20ರ ಸುತ್ತ ನಿಮ್ಮ ಯಂತ್ರದ ಸಿವಿ (ಒಂದೇ ಸ್ಯಾಂಪಲ್ ಮತ್ತೆ ಮತ್ತೆ ಅಳೆದಾಗಿನ ಏರಿಳಿತ, ಸರಾಸರಿಯ ಶೇಕಡಾವಾರಿನಲ್ಲಿ) 8% ಇದ್ದರೆ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಆ ಏರಿಳಿತದ ಅಳತೆ, 1.6. ನಿಜ ಮೌಲ್ಯ 20.5 ಇರುವ ರೋಗಿ ಇಂದು ಪಾಸಿಟಿವ್, ಅದೇ ಟ್ಯೂಬ್ ಅನ್ನು ಮತ್ತೆ ಓಡಿಸಿದರೆ ನೆಗೆಟಿವ್ ಆಗುವುದರಲ್ಲಿ ಆಶ್ಚರ್ಯವಿಲ್ಲ. ಕಿಟ್ ಅಥವಾ ಯಂತ್ರ ಬದಲಾಯಿಸುವಾಗ ಕನಿಷ್ಠ 40 ರೋಗಿಗಳ ಸ್ಯಾಂಪಲ್‌ಗಳನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ. ಅವು ಅಳತೆಯ ಇಡೀ ವ್ಯಾಪ್ತಿಯಲ್ಲಿ ಹರಡಿರಲಿ, ಆದರೆ ಒಂದು ದೊಡ್ಡ ಪಾಲು ಕಟ್‌ಆಫ್‌ನ ಆಸುಪಾಸಿನದ್ದೇ ಆಗಿರಲಿ. ಎರಡು ಯಂತ್ರಗಳ ಸರಾಸರಿ ಕೂಡಿಬಂದಿದ್ದರೂ ಗೆರೆಯ ಬಳಿ ಎಷ್ಟು ಜನ ಮಗ್ಗುಲು ಬದಲಾಯಿಸಿದರು ಎಂದು ಒಬ್ಬೊಬ್ಬರನ್ನಾಗಿ ಎಣಿಸಿ, ಆ ಎಣಿಕೆಯನ್ನು ಹೊಸ ಕಿಟ್‌ನ ಫೈಲ್‌ನಲ್ಲಿ ದಿನಾಂಕ ಸಮೇತ ಹಾಕಿಡಿ.